ಅಮ್ಮನ ಕಾಲಿಗೆ ಪಯೋಡರ್ಮಾ ಗ್ಯಾಂಗ್ರಿನೋಸಮ್ ಹುಣ್ಣು: ಮನೇಲಿ ಡ್ರೆಸಿಂಗ್ ಹೇಗೆ ಮಾಡೋದು?

ಅಡಿಕೆತೋಟದ ಮಗಳು, ಚನ್ನಗಿರಿ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 53 ವರ್ಷ. ಎರಡು ತಿಂಗಳ ಹಿಂದೆ ತೋಟದಲ್ಲಿ ಸೋಗೆ ಎಳೆಯುವಾಗ ಬಲಗಾಲು ತರಚಿತು. ಮೊಣಕಾಲಿನ ಕೆಳಗೆ, ಮುಂದುಗಡೆ. ಶೇಂಗಾ ಬೀಜದಷ್ಟು ಗಾಯ ಅಷ್ಟೇ. ಎರಡು ದಿನಕ್ಕೆ ಅಲ್ಲಿ ಕೀವುಗುಳ್ಳೆ ಎದ್ದಿತು. ಒಂದು ವಾರದೊಳಗೆ ಒಡೆದು ಎರಡು ರೂಪಾಯಿ ನಾಣ್ಯದಷ್ಟು ಹುಣ್ಣಾಯಿತು.

ಆಸ್ಪತ್ರೆಗೆ ಸೇರಿಸಿದೆವು. ಕೊಳೆತ ಮಾಂಸ ತೆಗೆಯಬೇಕು ಅಂತ ಎರಡು ಸಲ ಕೆರೆದರು. ಕೆರೆದಾಗಲೆಲ್ಲ ಅದು ಇನ್ನೂ ದೊಡ್ಡದಾಯಿತು. ಈಗ ಅಂಗೈಯಷ್ಟಿದೆ. ಅಂಚು ನೇರಳೆ ಹಣ್ಣಿನ ಬಣ್ಣ. ಶುಗರ್ ಇಲ್ಲ. ಕೀವಿನ ಟೆಸ್ಟ್‌ನಲ್ಲಿ ಯಾವ ಕ್ರಿಮಿಯೂ ಬೆಳೆಯಲಿಲ್ಲ. ಆಮೇಲೆ ಚರ್ಮದ ಡಾಕ್ಟರ್ ಬಂದು ನೋಡಿದರು. ಅಂಚಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು, ಕಾಲಿನ ರಕ್ತನಾಳಗಳಲ್ಲಿ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತ ಡಾಪ್ಲರ್ ಸ್ಕ್ಯಾನ್ ಮಾಡಿಸಿದರು. ಎಲ್ಲ ನೋಡಿ ಇದು ಪಯೋಡರ್ಮಾ ಗ್ಯಾಂಗ್ರಿನೋಸಮ್ ಅಂದರು. ಇನ್ನು ಕೆರೆಯೋದು ಬೇಡ ಅಂತ ನಿಲ್ಲಿಸಿದರು. ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ ಗುಳಿಗೆ 40 ಮಿಲಿಗ್ರಾಂ ಶುರು ಮಾಡಿ ಇವತ್ತಿಗೆ ಹತ್ತು ದಿನ. ನೋವು ಸ್ವಲ್ಪ ಇಳಿದಿದೆ.

ಈಗ ಮನೆಗೆ ಕರೆದುಕೊಂಡು ಬಂದಿದ್ದೇವೆ. ಡ್ರೆಸಿಂಗ್ ನಾನೇ ಮಾಡಬೇಕು. ನಿನ್ನೆ ಒಳಗಿನ ಗಾಜ್ ಬಟ್ಟೆ ಹುಣ್ಣಿಗೆ ಅಂಟಿಕೊಂಡಿತ್ತು. ಎಳೆದಾಗ ರಕ್ತ ಬಂತು. ಅಮ್ಮ ಮಂಚದ ಸರಳು ಹಿಡಿದುಕೊಂಡು ಅತ್ತುಬಿಟ್ಟಳು. ಇವತ್ತು ಮುಟ್ಟಲು ನನಗೆ ಧೈರ್ಯವೇ ಬರುತ್ತಿಲ್ಲ.

ಸೋದರತ್ತೆ ಅರಿಶಿನ, ಬೇವಿನ ಸೊಪ್ಪು ಅರೆದು ತಂದಿದ್ದಾರೆ. ಹಚ್ಚಬಹುದಾ? ಹುಣ್ಣಿನೊಳಗೆ ಹಳದಿ ಪೊರೆ ಇದೆ, ಅದನ್ನು ಒರೆಸಿ ತೆಗೀಬೇಕಾ? ಮೊದಲು ನೋಡಿದ ಸರ್ಜನ್ ತೊಡೆಯ ಚರ್ಮ ತೆಗೆದು ಹಾಕಿದರೆ ಬೇಗ ಮುಚ್ಚುತ್ತದೆ ಅಂದಿದ್ದರು. ಒಪ್ಪಿಕೊಳ್ಳಲಾ? ನನ್ನ ಮಗಳಿಗೆ ನಾಲ್ಕು ವರ್ಷ, ರಾತ್ರಿ ಅಜ್ಜಿ ಪಕ್ಕದಲ್ಲೇ ಮಲಗೋದು. ಇದು ಅಂಟುತ್ತದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ತೆಂಗಿನ ಸೀಮೆ ಮೇಷ್ಟ್ರು, ತಿಪಟೂರು

ತಂಗೀ, ನಿಮ್ಮ ಪೋಸ್ಟನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ಮಂಚದ ಸರಳಿನ ಮಾತು ಬಂದಾಗ ಅವಳು ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು. ಮುಂದಿನದನ್ನು ಇಬ್ಬರೂ ಸೇರಿ ಬರೆಯುತ್ತಿದ್ದೇವೆ.

ನಾನು ಡಾಕ್ಟರ್ ಅಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಈ ಕಾಯಿಲೆ ನನಗೆ 2019ರಲ್ಲಿ ಬಂತು. ಹಾರೆಗೆ ಚುಚ್ಚಿ ತೆಂಗಿನಕಾಯಿ ಸುಲಿಯುವಾಗ ಕೈ ಜಾರಿ ಕಾಯಿ ಎಡಗಾಲಿಗೆ ಬಡಿಯಿತು. ಅಲ್ಲಿಂದ ಶುರು. ಹುಣ್ಣು ಪೂರ್ತಿ ಮುಚ್ಚಲು 14 ತಿಂಗಳು ಹಿಡಿಯಿತು. ನನಗೂ ಎರಡು ಸಲ ಕೆರೆದರು. ಎರಡನೇ ಸಲ ಕೆರೆದ ಮೂರನೇ ದಿನ ಹುಣ್ಣು ಒಂದೂವರೆ ಪಟ್ಟು ಆಗಿತ್ತು.

ಮೊದಲು ಮಗುವಿನ ವಿಷಯ. ಇದು ಅಂಟುಜಾಡ್ಯ ಅಲ್ಲ. ಮಗು ಅಜ್ಜಿ ಪಕ್ಕದಲ್ಲಿ ಮಲಗಲಿ. ನಿದ್ದೆಯಲ್ಲಿ ಕಾಲು ಒದೆಯದ ಹಾಗೆ ನಡುವೆ ಒಂದು ದಿಂಬು ಇಟ್ಟರೆ ಸಾಕು.

ಈ ಕಾಯಿಲೆಯ ಹೆಸರೇ ದಾರಿ ತಪ್ಪಿಸುತ್ತದೆ. ಪಯೋ ಅಂದರೆ ಕೀವು. ಗ್ಯಾಂಗ್ರಿನ್ ಅಂದರೆ ಮಾಂಸ ಕೊಳೆಯುವುದು. 1930ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾಕ್ಟರುಗಳು ಇದಕ್ಕೆ ಈ ಹೆಸರು ಕೊಟ್ಟರು. ಕ್ರಿಮಿಯಿಂದಲೇ ಬರುತ್ತದೆ ಅಂತ ಆಗ ನಂಬಿದ್ದರು. ಈಗ ಹಾಗಲ್ಲ ಅಂತ ಗೊತ್ತಾಗಿದೆ. ರಕ್ತದಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣಗಳಿವೆ. ಕ್ರಿಮಿ ಕೊಲ್ಲುವುದು ಅವುಗಳ ಕೆಲಸ. ಈ ಕಾಯಿಲೆಯಲ್ಲಿ ಕ್ರಿಮಿ ಇಲ್ಲದಿದ್ದರೂ ಅವು ಚರ್ಮಕ್ಕೆ ನುಗ್ಗಿ ಅದನ್ನೇ ಹಾಳು ಮಾಡುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅದಕ್ಕೇ ಅಮ್ಮನ ಕೀವಿನ ಟೆಸ್ಟ್‌ನಲ್ಲಿ ಏನೂ ಸಿಗಲಿಲ್ಲ. ಆಂಟಿಬಯೋಟಿಕ್‌ಗೂ ಇಂಥ ಹುಣ್ಣು ಬಗ್ಗುವುದಿಲ್ಲ.

ಈ ಕಾಯಿಲೆಯವರಲ್ಲಿ ಕೆಲವರ ಚರ್ಮಕ್ಕೆ ಏಟು ಬಿದ್ದರೆ ಅಲ್ಲೇ ಹೊಸ ಹುಣ್ಣು ಏಳುತ್ತದೆ, ಇದ್ದ ಹುಣ್ಣು ಕೆರಳುತ್ತದೆ. ಡಾಕ್ಟರುಗಳು ಇದನ್ನು ಪ್ಯಾಥರ್ಜಿ ಅನ್ನುತ್ತಾರೆ. ಕೆರೆಯುವುದೂ ಒಂದು ಏಟೇ. ನಿಮಗೆ ಆ ಸರ್ಜನ್ ಮೇಲೆ ಸಿಟ್ಟು ಬಂದಿರಬಹುದು. ನನಗೂ ತುಂಬಾ ದಿನ ಇತ್ತು. ಆದರೆ ಶುಗರ್ ಇದ್ದವರ ಕಾಲಿನ ಹುಣ್ಣಿಗೆ ಕೆರೆಯುವುದೇ ಸರಿಯಾದ ಕ್ರಮ, ಅದರಿಂದಲೇ ಎಷ್ಟೋ ಕಾಲುಗಳು ಉಳಿದಿವೆ. ಇದಕ್ಕೆ ಮಾತ್ರ ಉಲ್ಟಾ. ಇದು ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಬೆರಳೆಣಿಕೆಯಷ್ಟು ಮಂದಿಗೆ ಬರುವ ಕಾಯಿಲೆ. ಹೀಗಾಗಿ ಗುರುತು ಹಿಡಿಯುವುದು ತಡವಾಗುತ್ತದೆ. ಇದಕ್ಕೆ ಅಂತ ಒಂದೇ ಟೆಸ್ಟ್ ಕೂಡ ಇಲ್ಲ. ಬೇರೆ ಕಾಯಿಲೆ ಯಾವುದೂ ಅಲ್ಲ ಅಂತ ಒಂದೊಂದಾಗಿ ಬದಿಗಿಟ್ಟು ಆಮೇಲೆ ಇದು ಅನ್ನಬೇಕು. ಬಯಾಪ್ಸಿ ಮಾಡಿದ್ದು ಅದಕ್ಕೇ, ಆ ಸಣ್ಣ ಗಾಯಕ್ಕೆ ಹೆದರಬೇಡಿ.

ಇನ್ನು ಡ್ರೆಸಿಂಗ್. ನನ್ನ ಹೆಂಡತಿ ಮಾಡುತ್ತಿದ್ದ ರೀತಿ ಹೇಳುತ್ತೇನೆ. ನಿಮ್ಮ ಡಾಕ್ಟರಿಗೆ ಒಮ್ಮೆ ತೋರಿಸಿ ಒಪ್ಪಿಗೆ ತೆಗೆದುಕೊಳ್ಳಿ.

ಅರ್ಧ ಗಂಟೆ ಮುಂಚೆ ಡಾಕ್ಟರ್ ಬರೆದ ನೋವಿನ ಗುಳಿಗೆ ಕೊಡುತ್ತಿದ್ದಳು. ಅಂಗಡಿಯಿಂದ ತಂದ ಬೇರೆ ನೋವಿನ ಗುಳಿಗೆ ಬೇಡ, ಐಬುಪ್ರೊಫೆನ್ ಥರದ್ದು ಸ್ಟಿರಾಯ್ಡ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು. ಗುಳಿಗೆ ಕೊಟ್ಟ ಮೇಲೆ ಸಲೈನ್ ಬಾಟಲಿಯನ್ನು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಇಡುತ್ತಿದ್ದಳು. ಕೈಗೆ ತಣ್ಣಗೂ ಅಲ್ಲ, ಬಿಸಿಯೂ ಅಲ್ಲ ಅನ್ನಿಸುವಷ್ಟು. ತಣ್ಣಗಿನ ಸಲೈನ್ ಬಿದ್ದರೆ ನೋವು ಮಂಡಿಯ ತನಕ ಏರುತ್ತದೆ. ಇದು ನಮಗೆ ಒಂದು ತಿಂಗಳು ಗೊತ್ತೇ ಇರಲಿಲ್ಲ.

ಕೆಳಗೆ ಪ್ಲಾಸ್ಟಿಕ್ ಶೀಟು, ಮೇಲೆ ಒಗೆದ ಹಳೆ ಟವೆಲ್. ಸೋಪು ಹಾಕಿ ಕೈ ತೊಳೆದು, ಗ್ಲೌಸ್ ಹಾಕಿಕೊಂಡು ಹೊರಗಿನ ಬ್ಯಾಂಡೇಜ್ ಬಿಚ್ಚುತ್ತಿದ್ದಳು. ಒಳಗಿನ ಪದರ ಮುಟ್ಟುತ್ತಿರಲಿಲ್ಲ. ಅದರ ಮೇಲೆ ಸಲೈನ್ ಸುರಿದು ಸುಮ್ನೆ ಕೂರುವುದು. ಗಡಿಯಾರ ನೋಡಿ 15 ನಿಮಿಷ. ಮಧ್ಯೆ ಒಣಗಿದಂತೆ ಕಂಡರೆ ಮತ್ತೆ ಸುರಿಯುವುದು. ನೆನೆದ ಗಾಜ್ ತಾನೇ ಮೇಲೆ ತೇಲಿದ ಹಾಗೆ ಸಡಿಲವಾಗುತ್ತದೆ. ಆಗ ಒಂದು ಮೂಲೆ ಹಿಡಿದು, ಮೇಲಕ್ಕೆ ಎತ್ತದೆ, ಪುಟ ತಿರುಗಿಸಿದಂತೆ ಹಿಂದಕ್ಕೆ ಮಡಚುತ್ತಾ ಬರಬೇಕು. ಎಲ್ಲಿ ಹಿಡಿದುಕೊಂಡಿತೋ ಅಲ್ಲೇ ನಿಲ್ಲಿಸಿ ಇನ್ನೊಂದಿಷ್ಟು ಸಲೈನ್. ನಾನು ಎರಡು ಬೆರಳು ಎತ್ತಿದರೆ ಅವಳು ಕೈ ತೆಗೆಯಬೇಕು ಅಂತ ನಮ್ಮಲ್ಲಿ ಒಪ್ಪಂದವಿತ್ತು. ನಿಲ್ಲಿಸುವ ಹಕ್ಕು ನನ್ನ ಕೈಯಲ್ಲಿದೆ ಅನ್ನುವುದರಿಂದಲೇ ಅರ್ಧ ಭಯ ಹೋಯಿತು. ಅಮ್ಮನಿಗೂ ಇದನ್ನು ಹೇಳಿ ನೋಡಿ.

ಹಳದಿ ಪೊರೆ ನೋಡಿದರೆ ಕೊಳೆ ಅನ್ನಿಸುತ್ತದೆ. ತೆಗೆದುಬಿಡೋಣ ಅಂತ ಕೈ ಹೋಗುತ್ತದೆ. ಬೇಡ. ಸಲೈನ್ ಹರಿಯಬಿಡಿ, ಬಂದಷ್ಟು ಬರಲಿ. ಹತ್ತಿಯಿಂದ ಉಜ್ಜುವುದಿಲ್ಲ, ಚಿಮಟ ಹಾಕುವುದಿಲ್ಲ, ಹೈಡ್ರೋಜನ್ ಪೆರಾಕ್ಸೈಡ್ ಹಾಕುವುದಿಲ್ಲ. ನೊರೆ ಬಂದರೆ ಶುದ್ಧವಾಯಿತು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಅದು ಹೊಸದಾಗಿ ಹುಟ್ಟುವ ಚರ್ಮವನ್ನೂ ಸುಡುತ್ತದೆ.

ಅಂಚಿಗೆ ಡಾಕ್ಟರ್ ಸ್ಟಿರಾಯ್ಡ್ ಮುಲಾಮು ಅಥವಾ ಟ್ಯಾಕ್ರೊಲಿಮಸ್ ಬರೆದಿದ್ದರೆ ತೆಳ್ಳಗೆ ಹಚ್ಚಿ. ಸುತ್ತಲಿನ ಒಳ್ಳೆಯ ಚರ್ಮ ನೀರಿನಲ್ಲಿ ನೆನೆದ ಬೆರಳಿನ ಹಾಗೆ ಬೆಳ್ಳಗಾಗದಿರಲು ಅಲ್ಲಿಗೆ ವ್ಯಾಸಲೀನ್. ಹುಣ್ಣಿನ ಮೇಲೆ ಬರೀ ಗಾಜ್ ಇಡಲೇಬೇಡಿ. ನಿನ್ನೆ ರಕ್ತ ಬಂದದ್ದು ಅದಕ್ಕೇ. ಪ್ಯಾರಾಫಿನ್ ಗಾಜ್ ಅಂತ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಜಿಡ್ಡು ಹಚ್ಚಿದ ಬಲೆಯ ಹಾಗೆ ಇರುತ್ತದೆ. ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ ಅಂದರೆ ಸಿಲಿಕೋನ್ ಬಲೆ ಇನ್ನೂ ಒಳ್ಳೆಯದು. ಅದರ ಮೇಲೆ ಸೋರಿದ್ದನ್ನು ಹೀರುವ ದಪ್ಪ ಪ್ಯಾಡ್, ಮೇಲೆ ರೋಲರ್ ಬ್ಯಾಂಡೇಜ್. ಚರ್ಮಕ್ಕೆ ಅಂಟುವ ಪ್ಲಾಸ್ಟರ್ ಹಾಕಬೇಡಿ, ಕೀಳುವಾಗ ಅದೂ ಒಂದು ಏಟೇ.

ಅರಿಶಿನ, ಬೇವಿನ ವಿಷಯಕ್ಕೂ ಇದೇ ಉತ್ತರ. ಅದು ಹುಣ್ಣಿನ ಮೇಲೆ ಒಣಗಿ ಗೋಡೆಗೆ ಮೆತ್ತಿದ ಮಣ್ಣಿನಂತೆ ಕೂರುತ್ತದೆ. ತೆಗೆಯುವುದೆಂದರೆ ಮತ್ತೆ ಕೆರೆದ ಹಾಗೆ. ನಮ್ಮ ಅತ್ತೆಯೂ ಹೀಗೇ ಅರೆದು ತಂದಿದ್ದರು, ಪಾಪ, ಪ್ರೀತಿಯಿಂದಲೇ. ಬೇಡ ಅಂದರೆ ನೊಂದುಕೊಳ್ಳುತ್ತಾರೆ ಅಂತ ಹೆಂಡತಿ ಅವರ ಕೈಗೆ ಗಡಿಯಾರ ಕೊಟ್ಟಳು. ಆ 15 ನಿಮಿಷ ಎಣಿಸುವುದು ಅವರ ಕೆಲಸ. ಎಣಿಸುತ್ತಾ ಊರಿನ ಸುದ್ದಿ ಹೇಳುತ್ತಿದ್ದರು. ನನಗೆ ನೋವು ಮರೆಸಿದ್ದು ಅದೇ.

ಸ್ಟಿರಾಯ್ಡ್ ಬಗ್ಗೆ ಹತ್ತು ಜನ ಹತ್ತು ಥರ ಹೆದರಿಸುತ್ತಾರೆ. ನಾನೂ ಹೆದರಿದೆ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿಗೆ ಹೋಗಲು ಆಗಲಿಲ್ಲ. ಮುಖ ಊದಿದೆ, ನಿದ್ದೆ ಇಲ್ಲ, ಹುಣ್ಣೂ ಚಿಕ್ಕದಾಗಿದೆ ಅಂತ ನಾನೇ ಗುಳಿಗೆ ಅರ್ಧಕ್ಕೆ ಇಳಿಸಿದೆ. ಎಂಟನೇ ದಿನ ಅಂಚು ಮತ್ತೆ ನೇರಳೆ ಬಣ್ಣಕ್ಕೆ ತಿರುಗಿತು. ಮೂರು ತಿಂಗಳ ಗಳಿಕೆ ಹೋಯಿತು. ಅದು ನಾನು ಮಾಡಿದ ದೊಡ್ಡ ತಪ್ಪು, ನೀವು ಮಾಡಬೇಡಿ. ಗುಳಿಗೆ ಬೆಳಿಗ್ಗೆ ತಿಂಡಿ ಆದ ಮೇಲೆ ಕೊಡಿ. ಶುಗರ್, ಬಿಪಿ ನೋಡಿಸುತ್ತಿರಿ. ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕಾ ಕೇಳಿ. ಇಳಿಸುವುದು ಡಾಕ್ಟರ್ ಕೆಲಸ, ನಿಧಾನಕ್ಕೆ ಇಳಿಸುತ್ತಾರೆ.

ಆಮೇಲೆ ನನಗೆ ಸೈಕ್ಲೋಸ್ಪೊರಿನ್ ಅನ್ನುವ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಇನ್ನೊಂದು ಮದ್ದು ಸೇರಿಸಿದರು. ಅದಕ್ಕೆ ಬಿಪಿ, ಕಿಡ್ನಿಯ ಕ್ರಿಯಾಟಿನಿನ್ ಟೆಸ್ಟ್ ನೋಡಿಸುತ್ತಲೇ ಇರಬೇಕು. ಚಕ್ಕೋತ ಹಣ್ಣು ತಿನ್ನಬಾರದು ಅಂದರು, ಮದ್ದಿನ ಮಟ್ಟ ರಕ್ತದಲ್ಲಿ ಏರುತ್ತದಂತೆ. ಪ್ರೆಡ್ನಿಸೊಲೋನ್, ಸೈಕ್ಲೋಸ್ಪೊರಿನ್ ಎರಡನ್ನೂ ಹೋಲಿಸಿ ಬ್ರಿಟನ್‌ನಲ್ಲಿ 121 ರೋಗಿಗಳ ಮೇಲೆ ಪರೀಕ್ಷೆ ಮಾಡಿದ್ದಾರೆ, 2015ರಲ್ಲಿ ಫಲಿತಾಂಶ ಬಂತು. ಎರಡೂ ಸಮ. ಯಾವುದು ಕೊಟ್ಟರೂ ಆರು ತಿಂಗಳಲ್ಲಿ ಮುಚ್ಚಿದ್ದು ಹೆಚ್ಚು ಕಡಿಮೆ ಅರ್ಧ ಜನರಿಗೆ. ಹೆದರಿಸಲು ಹೇಳುತ್ತಿಲ್ಲ. ಎರಡು ತಿಂಗಳಾದರೂ ಮುಚ್ಚಲಿಲ್ಲ ಅಂತ ನಾನು ರಾತ್ರಿ ಕೂತು ಅಳುತ್ತಿದ್ದೆ. ಈ ಅಂಕಿ ಆಗ ಗೊತ್ತಿದ್ದರೆ ಅಷ್ಟು ಕುಗ್ಗುತ್ತಿರಲಿಲ್ಲ.

ಚರ್ಮ ಹಾಕಿಸುವುದಕ್ಕೆ ಈಗ ಒಪ್ಪಬೇಡಿ. ಚರ್ಮ ತೆಗೆದ ತೊಡೆಯಲ್ಲೂ ಇದೇ ಹುಣ್ಣು ಏಳಬಹುದು. ಉರಿಯೂತ ಪೂರ್ತಿ ಹತೋಟಿಗೆ ಬಂದ ಮೇಲೆ, ಒಳಗಿನ ಮದ್ದು ನಡೆಯುತ್ತಿರುವಾಗಲೇ ಕೆಲವರಿಗೆ ಮಾಡುತ್ತಾರೆ. ಆ ಮಾತನ್ನು ಚರ್ಮದ ಡಾಕ್ಟರ್ ಎತ್ತಲಿ.

ಸಿಸ್ಟರ್, ಹುಬ್ಬಳ್ಳಿ

ನಮಸ್ಕಾರ. ಇಪ್ಪತ್ತು ವರ್ಷದಿಂದ ಡ್ರೆಸಿಂಗ್ ರೂಮಿನಲ್ಲಿ ಕೆಲಸ ಮಾಡುತ್ತೇನೆ. ಮೇಷ್ಟ್ರು ಚೆನ್ನಾಗಿ ಹೇಳಿದ್ದಾರೆ. ನನ್ನ ಕಡೆಯಿಂದ ಸ್ವಲ್ಪ.

ಬಾಯಿ ತೆರೆದ ಸಲೈನ್ ಬಾಟಲಿಯನ್ನು ಮಾರನೇ ದಿನಕ್ಕೆ ಇಡಬೇಡ್ರಿ. ಸಣ್ಣ ಬಾಟಲಿಗಳನ್ನೇ ತರಿಸಿ. ಡ್ರೆಸಿಂಗ್ ದಿನಾ ಬಿಚ್ಚಲೇಬೇಕು ಅಂತ ಇಲ್ಲ. ಸೋರುವುದು ಕಡಿಮೆಯಾದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಸಾಕಾ ಅಂತ ಡಾಕ್ಟರನ್ನು ಕೇಳಿ. ಹುಣ್ಣನ್ನು ಎಷ್ಟು ಕಡಿಮೆ ಕೆದಕಿದರೆ ಅಷ್ಟು ಒಳ್ಳೆಯದು. ಪ್ಯಾರಾಫಿನ್ ಜಿಡ್ಡು ಹತ್ತಿದ ಬಟ್ಟೆಗೆ ಬೆಂಕಿ ಬೇಗ ಹಿಡಿಯುತ್ತದೆ. ಅಮ್ಮ ದೇವರ ದೀಪ ಹಚ್ಚುವಾಗ, ಒಲೆ ಮುಂದೆ ಕೂರುವಾಗ ಹುಷಾರು. ಇದನ್ನು ಯಾರೂ ಹೇಳಿ ಕಳಿಸುವುದಿಲ್ಲ.

ಕಾಲು ಊದಿದ್ದರೆ ಹುಣ್ಣು ಮುಚ್ಚುವುದು ನಿಧಾನ. ಮಲಗಿದಾಗ ಹಿಮ್ಮಡಿ ಕೆಳಗೆ ದಿಂಬು ಕೊಟ್ಟು ಕಾಲು ಎತ್ತರಕ್ಕಿಡಿ. ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತುವ ಮುಂಚೆ ಡಾಪ್ಲರ್ ರಿಪೋರ್ಟ್ ತೋರಿಸಿ ಕೇಳಿ. ಕಾಲಿಗೆ ರಕ್ತ ಸರಿಯಾಗಿ ಇಳಿಯದವರಿಗೆ ಬಿಗಿದರೆ ಕಾಲಿಗೇ ಅಪಾಯ.

ಇನ್ನೊಂದು ಮುಖ್ಯ ಮಾತು. ಇದು ಕ್ರಿಮಿಯಿಂದ ಬಂದ ಹುಣ್ಣಲ್ಲ, ನಿಜ. ಆದರೆ ತೆರೆದ ಹುಣ್ಣಿಗೆ ಕ್ರಿಮಿ ಆಮೇಲೆ ಸೇರಬಹುದು. ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ ಜ್ವರ ಜೋರಾಗಿ ಕಾಣದೇ ಇರಬಹುದು. ವಾಸನೆ ಬದಲಾದರೆ, ಕೆಂಪು ಕಾಲಿನ ಮೇಲಕ್ಕೆ ಹರಡಿದರೆ, ಇಳಿದಿದ್ದ ನೋವು ತಟ್ಟನೆ ಏರಿದರೆ, ಚಳಿ ಬಂದರೆ ಬೆಳಗಾಗಲಿ ಅಂತ ಕಾಯಬೇಡ್ರಿ, ಅವತ್ತೇ ತೋರಿಸಿ.

ನೇತ್ರಾವತಿ ದಡ, ಮಂಗಳೂರು

ಒಂದೇ ಪ್ರಶ್ನೆ. ಅಮ್ಮನಿಗೆ ಭೇದಿ, ಮಲದಲ್ಲಿ ರಕ್ತ ಅಥವಾ ಕೀಲುನೋವು ಇದೆಯಾ? ನನ್ನ ತಮ್ಮನಿಗೆ ಕಾಲಿನ ಹುಣ್ಣು ಬಂದ ಮೇಲೆ ಡಾಕ್ಟರ್ ಇದನ್ನೇ ಕೇಳಿದರು. ಅವನು ಎರಡು ವರ್ಷದಿಂದ ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಕೊಲೊನೋಸ್ಕೋಪಿ ಮಾಡಿದಾಗ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಕಾಯಿಲೆ ಸಿಕ್ಕಿತು. ಈ ಹುಣ್ಣು ಬಂದವರಲ್ಲಿ ಸುಮಾರು ಅರ್ಧ ಜನರಿಗೆ ಒಳಗೆ ಇನ್ನೊಂದು ಕಾಯಿಲೆ ಇರುತ್ತದಂತೆ. ಕರುಳಿನದು, ಕೀಲಿನದು, ಇಲ್ಲವೇ ರಕ್ತದ್ದು. ಅವನಿಗೆ ಉರಿಯೂತ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಇಂಜೆಕ್ಷನ್ ಕೊಟ್ಟ ಮೇಲೆ ಕರುಳು, ಕಾಲು ಎರಡೂ ಒಟ್ಟಿಗೆ ಹತೋಟಿಗೆ ಬಂದವು. ಅದಕ್ಕೂ ಮುಂಚೆ ಟಿಬಿ, ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿದರು. ಒಳಗೆ ಮಲಗಿರುವ ಟಿಬಿ ಆ ಮದ್ದಿಗೆ ಎದ್ದು ಕೂರಬಹುದು.

ಅಡಿಕೆತೋಟದ ಮಗಳು, ಚನ್ನಗಿರಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇವತ್ತು ಸಂಜೆ ಡ್ರೆಸಿಂಗ್ ಮಾಡಿದೆ. ಸಲೈನ್ ಬೆಚ್ಚಗೆ ಮಾಡಿಕೊಂಡೆ. ಸೋದರತ್ತೆಗೆ ಮೊಬೈಲಿನಲ್ಲಿ 15 ನಿಮಿಷ ಟೈಮರ್ ಇಟ್ಟು ಕೊಟ್ಟೆ, ಅವರು ಅದನ್ನು ಬಿಟ್ಟು ಗೋಡೆ ಗಡಿಯಾರವನ್ನೇ ನೋಡುತ್ತಾ ಕೂತರು. ಅಮ್ಮ ಮೂರು ಸಲ ಬೆರಳು ಎತ್ತಿದಳು. ಮೂರು ಸಲವೂ ನಿಲ್ಲಿಸಿದೆ. ಒಟ್ಟು 40 ನಿಮಿಷ ಆಯಿತು. ರಕ್ತ ಬರಲಿಲ್ಲ.

ಮಂಗಳೂರಿನ ಅಣ್ಣಾ, ಅಮ್ಮನನ್ನು ಕೇಳಿದೆ. ಭೇದಿ ಇಲ್ಲವಂತೆ. ಆದರೆ ಬೆಳಿಗ್ಗೆ ಎದ್ದಾಗ ಕೈಬೆರಳುಗಳ ಗೆಣ್ಣು ಒಂದು ಗಂಟೆ ಬಿಗಿದಿರುತ್ತವಂತೆ, ವರ್ಷದಿಂದ. ಅಡಿಕೆ ಸುಲಿದು ಹಾಗಾಗಿದೆ ಅಂತ ಸುಮ್ಮನಿದ್ದಳು. ಸೋಮವಾರ ಡಾಕ್ಟರಿಗೆ ಹೇಳುತ್ತೇನೆ.

ಮೇಷ್ಟ್ರೇ, ಹುಣ್ಣು ವಾಸಿಯಾಗುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ? ದಿನಾ ನೋಡಿದರೆ ಹಾಗೇ ಇದೆ ಅನ್ನಿಸುತ್ತದೆ.

ತೆಂಗಿನ ಸೀಮೆ ಮೇಷ್ಟ್ರು, ತಿಪಟೂರು

ಬೆಳಗಿನ ಬಿಗಿತ ಖಂಡಿತ ಹೇಳಿ, ತಂಗೀ. ಕೀಲುವಾತದ ರಕ್ತಪರೀಕ್ಷೆ ಮಾಡಿಸುತ್ತಾರೆ.

ದಿನಾ ಅಳೆಯಬೇಡಿ, ಮನಸ್ಸು ಕೆಡುತ್ತದೆ. ವಾರಕ್ಕೆ ಒಮ್ಮೆ, ಒಂದೇ ದಿನ, ಒಂದೇ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಸ್ಕೇಲ್ ಹುಣ್ಣಿಗೆ ತಾಗಬಾರದು. ಉದ್ದ, ಅಗಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಅಳತೆಗಿಂತ ಮೊದಲು ಅಂಚು ಬದಲಾಗುತ್ತದೆ. ಕೆರಳಿರುವಾಗ ಅದು ಉಬ್ಬಿ, ನೇರಳೆಯಾಗಿ, ಒಳಗೆ ಪೊಳ್ಳಾಗಿ ಇರುತ್ತದೆ. ಶಾಂತವಾಗುತ್ತಾ ಬಂದರೆ ಬಣ್ಣ ಮಾಸಿ, ಚಪ್ಪಟೆಯಾಗಿ ಹುಣ್ಣಿನ ಮಟ್ಟಕ್ಕೆ ಇಳಿಯುತ್ತದೆ. ಆಮೇಲೆ ಒಂದು ದಿನ ಅಂಚಿನಿಂದ ಹುಣ್ಣಿನೊಳಕ್ಕೆ ಸಣ್ಣ ಸಣ್ಣ ಎಳೆಗಳು ಇಳಿದದ್ದು ಕಾಣುತ್ತದೆ. ಗುಡಾರಕ್ಕೆ ಹಗ್ಗ ಕಟ್ಟಿದ ಹಾಗೆ. ಅದು ಹೊಸ ಚರ್ಮ. ನನ್ನ ಹೆಂಡತಿ ಮೊದಲ ಸಲ ನೋಡಿ ಬಟ್ಟೆಯ ದಾರ ಸಿಕ್ಕಿಕೊಂಡಿದೆ ಅಂದುಕೊಂಡು ತೆಗೆಯಲು ಹೋಗಿದ್ದಳು. ಸದ್ಯ, ಫೋಟೋ ಕಳಿಸಿ ಡಾಕ್ಟರನ್ನು ಕೇಳಿದಳು. ಮುಚ್ಚಿದ ಮೇಲೆ ಅಲ್ಲಿನ ಚರ್ಮ ಜರಡಿಯ ಹಾಗೆ ತೂತುತೂತಾಗಿ, ತೆಳ್ಳಗೆ ಇರುತ್ತದೆ. ನನ್ನದು ಈಗಲೂ ಹಾಗೇ ಇದೆ. ತೋಟಕ್ಕೆ ಹೋಗುವಾಗ ದಪ್ಪ ಸಾಕ್ಸ್, ಗಮ್‌ಬೂಟ್ ಇಲ್ಲದೆ ಹೋಗುವುದಿಲ್ಲ.

ಜೇಬಿನಲ್ಲಿ ಯಾವಾಗಲೂ ಒಂದು ಚೀಟಿ ಇಟ್ಟಿರುತ್ತೇನೆ, ಕಾಯಿಲೆಯ ಹೆಸರು ಬರೆದು. ಹಲ್ಲು ಕೀಳಿಸುವಾಗ, ಯಾವುದೇ ಆಪರೇಷನ್ ಆಗುವ ಮುಂಚೆ ಅದನ್ನು ತೋರಿಸುತ್ತೇನೆ. ಅಮ್ಮನಿಗೂ ಒಂದು ಮಾಡಿಕೊಡಿ. ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡರೂ ಆಯಿತು.

ಅಡಿಕೆತೋಟದ ಮಗಳು, ಚನ್ನಗಿರಿ

ಐದು ವಾರದ ನಂತರ ಬರೆಯುತ್ತಿದ್ದೇನೆ. ಅಮ್ಮನಿಗೆ ಕೀಲುವಾತ ಇರುವುದು ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು, ಅದಕ್ಕೂ ಮದ್ದು ಶುರುವಾಗಿದೆ. ಪ್ರೆಡ್ನಿಸೊಲೋನ್ ಈಗ 30ಕ್ಕೆ ಇಳಿಸಿದ್ದಾರೆ. ಊಟದ ನಂತರದ ಶುಗರ್ ಸ್ವಲ್ಪ ಏರಿದೆ, ಅನ್ನ ಕಡಿಮೆ ಮಾಡಿ ರಾಗಿ ಮುದ್ದೆ, ಸೊಪ್ಪು ಕೊಡುತ್ತಿದ್ದೇನೆ.

ನೋಟ್‌ಬುಕ್ಕಿನಲ್ಲಿ ಮೊದಲ ವಾರ ಉದ್ದ 8.5 ಸೆಂಟಿಮೀಟರ್, ಅಗಲ 6. ಈ ಭಾನುವಾರ ಉದ್ದ 7.2, ಅಗಲ 5.1. ಡ್ರೆಸಿಂಗ್ ಈಗ ಎರಡು ದಿನಕ್ಕೊಮ್ಮೆ. ನಿನ್ನೆ ಅಮ್ಮ ಬೆರಳು ಎತ್ತಲೇ ಇಲ್ಲ. ಹಿಮ್ಮಡಿ ಕಡೆಯ ಅಂಚಿನಲ್ಲಿ ಎರಡು ಬಿಳಿ ಎಳೆ ಕಂಡವು. ನಾನು ಮುಟ್ಟಲಿಲ್ಲ, ಮೇಷ್ಟ್ರೇ. ಸೋದರತ್ತೆಯನ್ನು ಕರೆದು ತೋರಿಸಿದೆ.